‘ಮತ್ತು ಸಂಗಡಿಗರು’ ಎಂಬಲ್ಲಿ ನಿಮ್ಮ ಹೆಸರಿಲ್ಲ

ಓದುಗರ ಪ್ರಶ್ನೆ: ನಮ್ಮದು ಶಿರಾ ಕಡೆಯ ಹಳ್ಳಿ. ನಾನು ಬಿವಿಎ (ದೃಶ್ಯಕಲಾ ಪದವಿ) ಮುಗಿಸಿ ಎರಡು ವರ್ಷವಾಯಿತು. ಶಾಲೆ, ಅಂಗನವಾಡಿ ಗೋಡೆಗಳಿಗೆ ಚಿತ್ರ ಬರೆಯುತ್ತೇನೆ. ನನ್ನ ತಮ್ಮ ಬೀದಿನಾಟಕದ ತಂಡವೊಂದರಲ್ಲಿ ತಮಟೆ ಬಾರಿಸುತ್ತಾನೆ. ವರ್ಷದಲ್ಲಿ ನಾಲ್ಕು ತಿಂಗಳು ಕೆಲಸ, ಎಂಟು ತಿಂಗಳು ಖಾಲಿ. ನಮ್ಮಂಥವರಿಗೆ ನೆರವು ಅಂತ ಏನಾದರೂ ಇದೆಯಾ? ಇದ್ದರೆ ಎಲ್ಲಿಂದ ಶುರು ಮಾಡಬೇಕು? ಬೆಂಗಳೂರಿಗೆ ಹೋಗಿಬಿಡುವುದೇ ಒಳ್ಳೆಯದಾ?

ಈ ಪ್ರಶ್ನೆ ನನಗೆ ಹೊಸದಲ್ಲ. ತುಮಕೂರು, ಕೋಲಾರ, ಚಿಂತಾಮಣಿ ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ನೆರವು ಇದೆ. ಅದು ಕೈಗೆ ಬರಬೇಕಾದರೆ ಕಲೆ ಇದ್ದರಷ್ಟೇ ಸಾಲದು, ಕೆಲಸ ಮಾಡಿದ್ದೀರಿ ಎಂದು ಹೇಳುವ ಕಾಗದ ಬೇಕು. ನಮ್ಮ ಕಡೆಯ ಕಲಾವಿದರು ಬಹಳ ಸಲ ಸೋಲುವುದು ಇಲ್ಲೇ.

ತುರುವೇಕೆರೆ ಕಡೆಯ ಹಿರಿಯರೊಬ್ಬರು, ಹಿರಿಯ ಕಲಾವಿದರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಮಾಸಾಶನದ ಅರ್ಜಿ ಬರೆಸಿಕೊಳ್ಳಲು ನನ್ನ ಹತ್ತಿರ ಬಂದಿದ್ದರು. ಮೂಡಲಪಾಯ ಯಕ್ಷಗಾನದವರು. ಮೀಸೆ ಚಿಗುರುವ ಮೊದಲೇ ಬಣ್ಣ ಹಚ್ಚಿದವರು, ಈಗ ಅರವತ್ತು ದಾಟಿದೆ. ಬಟ್ಟೆ ಅಂಗಡಿಯ ಕೈಚೀಲದಿಂದ ಒಂದೊಂದೇ ಆಹ್ವಾನಪತ್ರಿಕೆ ತೆಗೆದು ಮೇಜಿನ ಮೇಲೆ ಹರಡಿದರು. ಮೂಲೆಗಳಲ್ಲಿ ಹಚ್ಚಿದ್ದ ಅರಿಶಿನ ಇನ್ನೂ ಹಾಗೇ ಇತ್ತು. ಪ್ರತಿಯೊಂದರಲ್ಲೂ ಭಾಗವತರ ಹೆಸರು ದಪ್ಪ ಅಕ್ಷರದಲ್ಲಿ, ಅದರ ಪಕ್ಕದಲ್ಲಿ ‘ಮತ್ತು ಸಂಗಡಿಗರು’. ಆ ಎರಡು ಪದಗಳ ಮೇಲೆ ಬೆರಳಿಟ್ಟು, “ಇದ್ರಲ್ಲಿ ನಾನಿದೀನಿ ಸ್ವಾಮಿ” ಅಂದರು. ಪೇಪರಿನಲ್ಲಿ ಬಂದ ಫೋಟೊ ಒಂದಿತ್ತು. ಕಿರೀಟ, ಭುಜಕೀರ್ತಿ ಸಮೇತ ಅವರದೇ ಮುಖ. ಆದರೆ ಕತ್ತರಿಸಿಟ್ಟುಕೊಳ್ಳುವಾಗ ಪತ್ರಿಕೆಯ ಹೆಸರೂ ಹೋಗಿದೆ, ತಾರೀಖೂ ಹೋಗಿದೆ. ನಲವತ್ತು ವರ್ಷಕ್ಕೂ ಮೇಲೆ ಕುಣಿದ ಆ ಮನುಷ್ಯನ ಹತ್ತಿರ ಅವರ ಹೆಸರು ಬರೆದಿದ್ದ ಒಂದೇ ಒಂದು ಕಾಗದ ಇರಲಿಲ್ಲ. ಆವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಗುಬ್ಬಿ ನಮ್ಮ ಜಿಲ್ಲೆಯದೇ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ತಿರುಗಿತು. ನಟರು, ಹಾರ್ಮೋನಿಯಂ ಮೇಷ್ಟ್ರು, ಪರದೆ ಬರೆಯುವವರು, ಅಡುಗೆಯವರು, ಒಂದು ಊರೇ ಕಂಪನಿಯ ಜೊತೆ ಸಾಗುತ್ತಿತ್ತು. ಕಂಪನಿ ನಾಟಕದ ಕಾಲದಲ್ಲಿ ಲೆಕ್ಕಪತ್ರ, ಟಿಕೆಟ್ಟು, ಪ್ರಚಾರ ನೋಡಿಕೊಳ್ಳುವುದಕ್ಕೆ ಮ್ಯಾನೇಜರು ಇರುತ್ತಿದ್ದರು. ನಟ ಬಣ್ಣ ಹಚ್ಚಿದರೆ ಸಾಕಿತ್ತು. ಕಂಪನಿಗಳು ಹೋದವು, ಮ್ಯಾನೇಜರೂ ಹೋದರು, ಅವರು ಮಾಡುತ್ತಿದ್ದ ಕೆಲಸ ಮಾತ್ರ ಉಳಿದು ಈಗ ನಿಮ್ಮ ತಲೆಯ ಮೇಲೆ ಬಂದಿದೆ. ಅದನ್ನು ಕೂರಿಸಿಕೊಂಡು ಹೇಳಿಕೊಡುವವರಿಲ್ಲ. ಒಳ್ಳೆಯ ಕೈ ಇರುವ ಹುಡುಗ ಹುಡುಗಿಯರು ಕೆಲಸಕ್ಕೆ ಎಷ್ಟಾಗುತ್ತದೆ ಎಂದು ತಿಳಿಸುವ ಒಂದು ಕೊಟೇಶನ್ ಬರೆಯಲು ಬಾರದೆ ಕಾಲೇಜಿನಿಂದ ಹೊರಗೆ ಬರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಆದ್ದರಿಂದ ಶುರು ಮಾಡಬೇಕಾದದ್ದು ಒಂದು ಫೈಲಿನಿಂದ. ಪ್ಲಾಸ್ಟಿಕ್ ಹಾಳೆಗಳಿರುವ ಸಾದಾ ಫೈಲು ಸಾಕು. ಗೋಡೆ ಚಿತ್ರ ಮುಗಿಸಿದ ದಿನವೇ ಶಾಲೆಯ ಲೆಟರ್‌ಹೆಡ್‌ನಲ್ಲಿ ಒಂದು ದೃಢೀಕರಣ ಪತ್ರ ಕೇಳಿ: ನಿಮ್ಮ ಪೂರ್ತಿ ಹೆಸರು ಆಧಾರ್‌ನಲ್ಲಿ ಇರುವ ಹಾಗೆಯೇ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಚದರ ಅಡಿ, ಏನು ಚಿತ್ರ, ಕೆಳಗೆ ಸಹಿ ಮತ್ತು ಮೊಹರು. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆಯಾದರೂ ಮುಂದೆ ಅರ್ಜಿ ವಾಪಸು ಬರುತ್ತದೆ. ಕೆಲಸಕ್ಕೆ ಮುಂಚಿನ ಖಾಲಿ ಗೋಡೆಯ ಫೋಟೊ, ಮುಗಿದ ಮೇಲಿನ ಫೋಟೊ, ಏಣಿಯ ಮೇಲೆ ನೀವೇ ಕುಂಚ ಹಿಡಿದಿರುವ ಫೋಟೊ, ಮೂರೂ ಇರಲಿ. ಮೂರನೆಯದು ಯಾಕೆಂದರೆ, ಬೇರೆಯವರ ಚಿತ್ರದ ಫೋಟೊ ತನ್ನದೆಂದು ತೋರಿಸುವವರೂ ಇದ್ದಾರೆ. ನಿಮ್ಮ ತಮ್ಮನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬೀದಿನಾಟಕದ ಹಣ ಸಾಮಾನ್ಯವಾಗಿ ತಂಡದ ನಾಯಕರ ಖಾತೆಗೆ ಬೀಳುತ್ತದೆ, ಉಳಿದವರಿಗೆ ಕೈಗೆ ಕೊಡುತ್ತಾರೆ, ಅಲ್ಲಿಗೆ ಅವನು ‘ಸಂಗಡಿಗ’ ಆಗಿಬಿಡುತ್ತಾನೆ. ಇಲಾಖೆಗೆ ಕೊಡುವ ಕಲಾವಿದರ ಪಟ್ಟಿಯಲ್ಲಿ ತನ್ನ ಹೆಸರು, ತಾನು ಬಾರಿಸುವ ವಾದ್ಯ ಬರೆಸಿ ಅದರ ಜೆರಾಕ್ಸ್ ಇಟ್ಟುಕೊಳ್ಳಲಿ. ತನ್ನ ಪಾಲನ್ನು ನಗದಿನ ಬದಲು ಫೋನ್‌ಪೇಯಲ್ಲೋ ಖಾತೆಗೋ ಹಾಕಿಸಿಕೊಳ್ಳಲಿ. ಬ್ಯಾಂಕಿನ ಪಾಸ್‌ಬುಕ್ ಕೂಡ ಸಾಕ್ಷಿ ಹೇಳುತ್ತದೆ. ನಾಯಕರ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ. ಒಳ್ಳೆಯ ನಾಯಕರು ತಾವೇ ಪಟ್ಟಿ ಮಾಡಿ ಕೊಡುತ್ತಾರೆ.

ಫೈಲು ತಯಾರಾದ ಮೇಲೆ ಬಾಗಿಲುಗಳು ಯಾವುವು ಎಂದರೆ, ಮೊದಲನೆಯದು ಜಿಲ್ಲಾ ಕೇಂದ್ರದಲ್ಲಿರುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿ. ಯುವ ಕಲಾವಿದರಿಗಾಗಿ ಇಲಾಖೆ ನಡೆಸುವ ಯುವ ಸೌರಭ, ಜಯಂತಿಗಳು, ಉತ್ಸವಗಳಿಗೆ ತಂಡಗಳನ್ನು ಆರಿಸುವಾಗ ಅಲ್ಲಿ ನಿಮ್ಮ ವಿವರ ಇರಬೇಕು. ಪರಿಶಿಷ್ಟ ಜಾತಿ, ಪಂಗಡದ ಕಲಾವಿದರಿಗೆ ವಾದ್ಯ, ವೇಷಭೂಷಣ ಕೊಳ್ಳಲು ಧನಸಹಾಯವನ್ನೂ ಅಲ್ಲೇ ವಿಚಾರಿಸಿ. ಹಿರಿಯರ ಮಾಸಾಶನಕ್ಕೆ 58 ವರ್ಷ ಆಗಿರಬೇಕು. ನಿಮಗೆ ಅದು ದೂರದ ಮಾತು, ಆದರೆ ಆವತ್ತು ತೋರಿಸಬೇಕಾದ ಕಾಗದಗಳು ಹುಟ್ಟುವುದು ಈಗ. ಆರೋಗ್ಯ, ಸಮಾಜ ಕಲ್ಯಾಣದಂಥ ಇಲಾಖೆಗಳ ಪ್ರಚಾರಕ್ಕೆ ಬೀದಿನಾಟಕ ಮಾಡಿಸುವಾಗ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಜಿಲ್ಲಾ ಕಚೇರಿಗೂ ತಂಡದವರು ಹೋಗಿ ಬರುತ್ತಿರಬೇಕು.

ನಿಮಗೆ ಪದವಿ ಇದೆ, ಹಾಗಾಗಿ ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ನೋಡಿ. ಬಿವಿಎ ಕೂಡ ಪದವಿಯೇ. 2022-23ರಿಂದ ಈಚೆಗೆ ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ. “ಅದು ಇಂಜಿನಿಯರಿಂಗ್ ಓದಿದೋರಿಗೆ” ಎಂದುಕೊಂಡು ಅರ್ಜಿಯನ್ನೇ ಹಾಕದ ಚಿತ್ರಕಲಾ ಪದವೀಧರರನ್ನು ಕಂಡಿದ್ದೇನೆ.

ತಮ್ಮನಿಗೆ 18ರಿಂದ 25ರ ಒಳಗಿನ ವಯಸ್ಸಾದರೆ, ಕೇಂದ್ರದ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ. ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಶಾಸ್ತ್ರೀಯ ಸಂಗೀತ, ನೃತ್ಯದ ಜೊತೆಗೆ ರಂಗಭೂಮಿ, ದೃಶ್ಯಕಲೆ, ಜನಪದ ಕಲೆಗಳಿಗೂ ಅವಕಾಶವಿದೆ. ಗುರುವಿನ ಹತ್ತಿರ ಕನಿಷ್ಠ ಐದು ವರ್ಷ ಕಲಿತಿರಬೇಕು ಅನ್ನುವುದು ಷರತ್ತು. ಅಪ್ಪನ ಹತ್ತಿರವೋ ಊರಿನ ಹಿರಿಯರ ಹತ್ತಿರವೋ ತಮಟೆ ಕಲಿತಿದ್ದರೆ ಅವರಿಂದಲೇ ಬರೆಸಿಕೊಳ್ಳಲಿ. ತಮಟೆಗೆ ಇದೆಲ್ಲ ಎಲ್ಲಿ ಸಿಗುತ್ತದೆ ಎಂದು ಕೈಚೆಲ್ಲಬೇಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ. 25 ದಾಟಿ 40ರ ಒಳಗಿನವರಿಗೆ ಅದೇ ಸಚಿವಾಲಯದ ಕಿರಿಯ ಫೆಲೋಶಿಪ್, ತಿಂಗಳಿಗೆ 10,000 ರೂಪಾಯಿಯಂತೆ ಎರಡು ವರ್ಷ. 40 ದಾಟಿದವರಿಗೆ ಹಿರಿಯ ಫೆಲೋಶಿಪ್, 20,000. ಇವುಗಳಿಗೆ ಏನು ಅಧ್ಯಯನ ಮಾಡುತ್ತೀರಿ ಎಂಬ ಬರಹ ಚೆನ್ನಾಗಿರಬೇಕು, ಸ್ಪರ್ಧೆ ಬಿಗಿ.

ಇದನ್ನು ಓದುತ್ತಿರುವ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳಿಗೂ ಒಂದು ಮಾತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಲ್ಲಿನ ಕೆತ್ತನೆ ಇದೆ, ಗೊಂಬೆ ಮಾಡುವುದು, ಕುಂಬಾರಿಕೆಯೂ ಇವೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000, ಆಮೇಲೆ ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರೇ. ಚಿತ್ರಕಾರರು, ವಾದ್ಯದವರು ಈ ಪಟ್ಟಿಯಲ್ಲಿಲ್ಲ, ನೀವು ಇದರ ಹಿಂದೆ ಓಡಾಡುವುದು ಬೇಡ.

ಇನ್ನು, ಹೊಸ ನೆರವು ಹುಡುಕುವಷ್ಟೇ ಮುಖ್ಯವಾದದ್ದು ದುಡಿದ ಹಣ ಕಳೆದುಕೊಳ್ಳದಿರುವುದು. ಕಂಪನಿಯೋ ಸಂಸ್ಥೆಯೋ ನಿಮಗೆ ವರ್ಷದಲ್ಲಿ 50,000 ರೂಪಾಯಿ ಮೀರಿ ಸಂಭಾವನೆ ಕೊಟ್ಟರೆ ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದುಕೊಂಡೇ ಕೊಡುತ್ತದೆ. ಪ್ಯಾನ್ ಕೊಡದಿದ್ದರೆ ಶೇ. 20. ನಿಮ್ಮ ವರ್ಷದ ಒಟ್ಟು ಆದಾಯ ತೆರಿಗೆಯ ಮಟ್ಟಕ್ಕೆ ಬರುವುದೇ ಇಲ್ಲ, ಅಂದರೆ ಅದು ಪೂರ್ತಿ ನಿಮ್ಮ ಹಣ. ಆದರೆ ಆದಾಯ ತೆರಿಗೆ ರಿಟರ್ನ್ ಹಾಕಿದರೆ ಮಾತ್ರ ವಾಪಸು ಬರುತ್ತದೆ. ಎಂಟು ತಿಂಗಳು ಖಾಲಿ ಕೂತವರಿಗೆ ಆರೇಳು ಸಾವಿರ ಸಣ್ಣ ದುಡ್ಡಲ್ಲ. ಎರಡನೆಯದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ. ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ, ಯಾರಿಗೂ ಸಾವಿರ ರೂಪಾಯಿ ಕೊಟ್ಟು ಮಾಡಿಸಬೇಡಿ. ನೋಂದಣಿ ಇದ್ದರೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಕೆಲಸ ಮಾಡಿಸಿದವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಟ್ಟುಕೊಳ್ಳಿ, ಜಗಳ ಬಂದ ಮೇಲೆ ಮಾಡಿಸಿದರೆ ಆ ಬಾಕಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಮೂರನೆಯದು ನಾನೇ ಪೆಟ್ಟು ತಿಂದು ಕಲಿತದ್ದು. ಬಹಳ ಹಿಂದೆ ಒಂದು ಸಂಸ್ಥೆಗೆ ಪುಟ್ಟ ಹುಡುಗಿಯೊಬ್ಬಳ ಚಿತ್ರ ಬರೆದುಕೊಟ್ಟಿದ್ದೆ, ಒಂದು ಕರಪತ್ರಕ್ಕೆ ಮಾತ್ರ ಎಂದು ಬಾಯಿಮಾತಿನಲ್ಲಿ. ಆಮೇಲೆ ಅದು ಬ್ಯಾಗು, ಕ್ಯಾಲೆಂಡರು, ಬಸ್ಸಿನ ಹಿಂಬದಿಯವರೆಗೆ ಹೋಯಿತು. ಕೇಳಿದರೆ, “ಆಗಲೇ ದುಡ್ಡು ಕೊಟ್ಟಿದ್ದೀವಲ್ಲ” ಅಂದರು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಹಣ ಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಗಳ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರಿಗೇ ಹೋಗುತ್ತದೆ. ಅದಕ್ಕೇ ಕೊಟೇಶನ್‌ನ ಕೊನೆಯಲ್ಲಿ ಎರಡು ಸಾಲು ಸೇರಿಸಿ: ಚಿತ್ರವನ್ನು ಇಂಥ ಕೆಲಸಕ್ಕೆ ಮಾತ್ರ ಬಳಸಬಹುದು, ಉಳಿದ ಹಕ್ಕು ಕಲಾವಿದರದು. ಅದರ ಕೆಳಗೆ ಅವರ ಸಹಿ ಹಾಕಿಸಿಕೊಳ್ಳಿ. ಹಕ್ಕು ಮಾರಿದ ಮೇಲೂ, ಇದನ್ನು ಬರೆದವರು ನಾನು ಎಂದು ಹೇಳಿಕೊಳ್ಳುವ ಅಧಿಕಾರವನ್ನು ಕಾಯ್ದೆ ನಿಮಗೇ ಉಳಿಸಿದೆ. ಗೋಡೆಯ ಮೂಲೆಯಲ್ಲಿ ಹೆಸರು ಬರೆಯಲು ಸಂಕೋಚಪಡಬೇಡಿ.

ಬೆಂಗಳೂರಿನ ಮಾತು. ಅಲ್ಲಿ ನೆಲೆಸುವುದಕ್ಕೂ ಅಲ್ಲಿಗೆ ಹೋಗಿ ಬರುವುದಕ್ಕೂ ವ್ಯತ್ಯಾಸವಿದೆ. ಕೈಯಲ್ಲಿ ಕೆಲಸವಿಲ್ಲದೆ ಬಾಡಿಗೆ ಮನೆ ಮಾಡಿದರೆ ಮೊದಲು ಸೊರಗುವುದು ಚಿತ್ರ. ಡೆಲಿವರಿ ಕೆಲಸಕ್ಕೆ ಸೇರಿ ಕುಂಚ ಮುಟ್ಟದ ಹುಡುಗರು ನನಗೆ ಗೊತ್ತು, ಅವರನ್ನು ತಪ್ಪೆನ್ನಲಾರೆ. ತುಮಕೂರಿನಿಂದ ರೈಲಿದೆ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಪ್ರತಿ ಜನವರಿಯಲ್ಲಿ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತದೆ. ಮಳಿಗೆಗೆ ಮೊದಲೇ ಅರ್ಜಿ ಹಾಕಬೇಕು, ಅದಕ್ಕೆ ಈ ವರ್ಷವೇ ಹತ್ತು ಹದಿನೈದು ಚಿತ್ರ ಸಿದ್ಧಮಾಡಿಕೊಳ್ಳಿ. ತಮ್ಮನಿಗೆ ನಾಟಕದಲ್ಲಿ ಮನಸ್ಸಿದ್ದರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ಇದೆ, ನಿಮಗೆ ಹತ್ತಿರದಲ್ಲೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಪ್ರಯೋಗ ಶಾಲೆ ಇದೆ. ಸಾಣೇಹಳ್ಳಿಯಲ್ಲಿ ಕಲಿತವರಿಗೆ ಅಲ್ಲಿಯದೇ ಶಿವಸಂಚಾರ ನಾಟಕ ತಿರುಗಾಟವೂ ಇದೆ. ಕೋಲಾರದ ಕಡೆ ಹೋದಾಗ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ‘ಹುಣ್ಣಿಮೆ ಹಾಡು’ ಕಾರ್ಯಕ್ರಮದ ರಾತ್ರಿ ಕೂತು ಬನ್ನಿ. ಮುಂದಿನ ಕೆಲಸ ಎಷ್ಟೋ ಸಲ ಅಂಥ ಜಾಗದಲ್ಲಿ ಪಕ್ಕದಲ್ಲಿ ಕೂತವರಿಂದ ಬರುತ್ತದೆ.

ಆ ತುರುವೇಕೆರೆಯ ಹಿರಿಯರಿಗೆ ಆಮೇಲೆ ಏನಾಯಿತು ಎಂದು ಕೇಳುವಿರಿ. ಅವರ ಜೊತೆ ಊರೂರು ಸುತ್ತಿದೆವು. ಜಾತ್ರೆ ಸಮಿತಿಗಳ ಹಳೆಯ ಲೆಕ್ಕದ ಪುಸ್ತಕ ತೆಗೆಸಿದೆವು. ಒಂದರಲ್ಲಿ ವೇಷದವರಿಗೆ ಕೊಟ್ಟ ಹಣದ ಎದುರು ಅವರ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಶಾನುಭೋಗರ ಕೈಬರಹದಲ್ಲಿ ಅವರ ಹೆಸರು ಸಿಕ್ಕಿತು. ಅದರ ಜೆರಾಕ್ಸೇ ಅರ್ಜಿಯ ಮೊದಲ ಪುಟ. ಅರ್ಜಿ ಹೋಗಿದೆ, ಕಾಯುತ್ತಿದ್ದಾರೆ.

ನೀವು ಹೋದ ಬೇಸಿಗೆಯಲ್ಲಿ ಚಿತ್ರ ಬರೆದ ಶಾಲೆಯ ಮುಖ್ಯಶಿಕ್ಷಕರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಆ ಗೋಡೆ ನೀವು ಬರೆದದ್ದು ಎಂದು ಕಣ್ಣಾರೆ ಕಂಡವರು ಅವರು. ಸೋಮವಾರವೇ ಹೋಗಿ, ಲೆಟರ್‌ಹೆಡ್ಡೂ ಮೊಹರೂ ಅವರ ಮೇಜಿನ ಮೇಲೆ ಇರುವಾಗಲೇ ಪತ್ರ ಬರೆಸಿಕೊಳ್ಳಿ.