ಚೆಕ್‌ಸಮ್ ಮ್ಯಾಚ್ ಆಯ್ತು, ಸರಿ, ಆದ್ರೆ ಯಾರು ಕೊಟ್ಟ ಚೆಕ್‌ಸಮ್?

"ಚೆಕ್‌ಸಮ್ ಮ್ಯಾಚ್ ಆಯ್ತಲ್ಲ, ಧೈರ್ಯವಾಗಿ ಇನ್‌ಸ್ಟಾಲ್ ಮಾಡ್ಕೋ" ಅನ್ನೋರನ್ನ ನೋಡಿದ್ರೆ ನಂಗೆ ಮೈ ಉರಿಯುತ್ತೆ. ಚೆಕ್‌ಸಮ್ ಅಂದ್ರೆ ಫೈಲಿಂದ ಲೆಕ್ಕ ಹಾಕಿ ತೆಗೆಯೋ ಒಂದು ಚಿಕ್ಕ ಗುರುತು, ನಮ್ಮ ಫೈಲಿಂದು ಸೈಟಲ್ಲಿ ಕೊಟ್ಟಿದ್ದಕ್ಕೆ ತಾಳೆ ಆದ್ರೆ ಮ್ಯಾಚ್. 2016ರ ಫೆಬ್ರವರಿ 20ಕ್ಕೆ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಂ ವೆಬ್‌ಸೈಟಿಗೆ ಹ್ಯಾಕರ್‌ಗಳು ನುಗ್ಗಿ ಅದರ 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನ ಬಲ್ಗೇರಿಯಾದ ಒಂದು ಸರ್ವರ್ ಕಡೆ ತಿರುಗಿಸಿಬಿಟ್ಟಿದ್ರು, ಅಲ್ಲಿದ್ದ ಐಎಸ್ಒ (ಇನ್‌ಸ್ಟಾಲ್ ಮಾಡೋ ಫೈಲ್) ನೋಡೋಕೆ ಮಿಂಟೇ, ಒಳಗೆ ಮಾತ್ರ ಸುನಾಮಿ ಅನ್ನೋ ಬ್ಯಾಕ್‌ಡೋರ್, ಅಂದ್ರೆ ಹ್ಯಾಕರ್ ಒಳಗೆ ಬರೋ ಕಳ್ಳದಾರಿ. ಲಿಂಕ್ ಬದಲಾಯಿಸೋಕೆ ಆದೋನಿಗೆ ಅದರ ಪಕ್ಕದ ಚೆಕ್‌ಸಮ್ ಬದಲಾಯಿಸೋದು ದೊಡ್ಡ ಕೆಲಸಾನಾ? ಕಳ್ಳನ್ನೇ ಸಾಕ್ಷಿ ಕೇಳಿದ ಹಾಗೆ ಅಷ್ಟೇ.

ಹ್ಯಾಶ್ (ಇಲ್ಲಿ ಚೆಕ್‌ಸಮ್‌ಗೇ ಇನ್ನೊಂದು ಹೆಸರು) ದಂಡ ಅಂತಲ್ಲ. ಲಿನಕ್ಸಲ್ಲಿ ಎಸ್‌ಎಚ್‌ಎ256ಸಮ್ ಕಮಾಂಡ್, ವಿಂಡೋಸಲ್ಲಿ ಎಸ್‌ಎಚ್‌ಎ256 ಬೇಕು ಅಂತ ಹೇಳಿ ಸರ್ಟ್‌ಯುಟಿಲ್ ಕಮಾಂಡ್ ಓಡಿಸಿದ್ರೆ ಫೈಲ್ 5 ಎಂಬಿ ಇರ್ಲಿ 5 ಜಿಬಿ ಇರ್ಲಿ ಬರೋದು 64 ಅಕ್ಷರಾನೇ, ಒಂದೇ ಒಂದು ಬಿಟ್ ಬದಲಾದ್ರೂ ಆ 256 ಬಿಟ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧ ಉಲ್ಟಾ ಆಗುತ್ತೆ. ಡೌನ್‌ಲೋಡ್ ಕೆಟ್ಟಿದೆಯಾ ಅಂತ ನೋಡೋಕೆ ಇದು ಸಾಕು. ಫೈಲ್ ಯಾರದ್ದು ಅಂತ ಮಾತ್ರ ಇದು ಹೇಳಲ್ಲ.

ಅದನ್ನ ಹೇಳೋದು ಸಹಿ. ಡೆವಲಪರ್ ಹ್ಯಾಶನ್ನ ತನ್ನ ಗುಟ್ಟಿನ ಕೀಲಿಂದ ಸೈನ್ ಮಾಡ್ತಾನೆ, ನಾವು ಅವನು ಎಲ್ಲರಿಗೂ ಕೊಟ್ಟಿರೋ ಅದರ ಜೋಡಿ ಕೀ, ಅಂದ್ರೆ ಪಬ್ಲಿಕ್ ಕೀ ಇಟ್ಕೊಂಡು ಪರೀಕ್ಷೆ ಮಾಡ್ತೀವಿ, ಸೈನ್ ಮಾಡೋ ಕೀ ವೆಬ್‌ಸೈಟಲ್ಲಿ ಇರ್ಬೇಕಾಗೇ ಇಲ್ಲ. 1976ರಲ್ಲಿ ಡಿಫಿ, ಹೆಲ್ಮನ್ ಅನ್ನೋ ಇಬ್ಬರು ಸಂಶೋಧಕರು ಇದನ್ನ ಕಾಗದದ ಮೇಲೆ ಬರೆದಾಗ ಮಾಡಿ ತೋರಿಸೋ ದಾರಿ ಅವರ ಹತ್ರಾನೂ ಇರ್ಲಿಲ್ಲ, ಅದು ಸಿಕ್ಕಿದ್ದು ಮುಂದಿನ ವರ್ಷ ಆರ್‌ಎಸ್‌ಎ ಅನ್ನೋ ವಿಧಾನ ಬಂದಾಗ!

ಸಹಿ ಪರೀಕ್ಷೆ ಮಾಡೋ ಜಿಪಿಜಿ ಅನ್ನೋ ಪ್ರೋಗ್ರಾಂಗೆ ವೆರಿಫೈ ಕಮಾಂಡ್ ಕೊಟ್ಟಾಗ ಮೊದಲು 'ಗುಡ್ ಸಿಗ್ನೇಚರ್' ಅನ್ನುತ್ತೆ, ಕೆಳಗಡೇನೇ ಈ ಕೀ ನಿಜವಾಗ್ಲೂ ಆ ಹೆಸರಿನವನದ್ದೇ ಅನ್ನೋಕೆ ಆಧಾರ ಇಲ್ಲ ಅಂತ ವಾರ್ನಿಂಗ್. ಸುಮಾರು ಜನ ಇಲ್ಲಿ ಗಾಬರಿ ಬೀಳ್ತಾರೆ, ಇನ್ನು ಕೆಲವರು ಓದೋದೇ ಇಲ್ಲ. ನಿಜವಾದ ಕೆಲಸ ಇರೋದೇ ಆ ವಾರ್ನಿಂಗಲ್ಲಿ: ಕೀಯ 40 ಅಕ್ಷರದ ಫಿಂಗರ್‌ಪ್ರಿಂಟನ್ನ, ಅಂದ್ರೆ ಆ ಕೀಯ ಗುರುತನ್ನ, ಅದೇ ಸೈಟಲ್ಲಿ ನೋಡ್ದೆ ಬೇರೆ ಕಡೆ, ಹಳೇ ರಿಲೀಸ್ ಜೊತೆ ಬಂದಿದ್ದಕ್ಕೋ ಇನ್ನೊಬ್ಬರು ಇಟ್ಕೊಂಡಿರೋದಕ್ಕೋ ತಾಳೆ ಹಾಕ್ಬೇಕು. ವಿಂಡೋಸಲ್ಲಿ ಕಮಾಂಡ್ ಓಡಿಸೋ ಪವರ್‌ಶೆಲ್ ಸಹಿ ನೋಡಿ 'ವ್ಯಾಲಿಡ್' ಅಂದ್ರೂ ಅಷ್ಟಕ್ಕೇ ನಿಲ್ಲಿಸ್ಬೇಡಿ, ಸೈನ್ ಮಾಡಿದ ಕಂಪ್ನಿ ಹೆಸರು ಓದಿ.

ಇಷ್ಟಾದ್ಮೇಲೂ ಸಹಿ ಹೇಳೋದು ಯಾರು ಅಂತ ಮಾತ್ರ, ಒಳ್ಳೇದಾ ಕೆಟ್ಟದ್ದಾ ಅಂತಲ್ಲ. 2017ರಲ್ಲಿ ಸಿಸಿಕ್ಲೀನರ್ ಅನ್ನೋ ಕಂಪ್ಯೂಟರ್ ಕ್ಲೀನ್ ಮಾಡೋ ಸಾಫ್ಟ್‌ವೇರಿನ 5.33 ಆವೃತ್ತಿಗೆ ಮಾಲ್‌ವೇರ್ ಸೇರಿದ್ದು ಸೈನ್ ಆಗೋಕೆ ಮುಂಚೆ, ಕಂಪ್ನಿ ಒಳಗೇನೇ. ಸೈನ್ ಮಾಡಿದ ಕಂಪ್ನಿ ಸರ್ಟಿಫಿಕೇಟ್ ಅಸಲಿ, ಡೌನ್‌ಲೋಡ್ ಆಗಿದ್ದೂ ಕಂಪ್ನಿ ಸರ್ವರಿಂದಾನೇ. ಆ ಫೈಲ್ ಮೇಲೆ ಇಲ್ಲಿ ಹೇಳಿದ ಕಮಾಂಡ್‌ಗಳನ್ನೆಲ್ಲಾ ಓಡಿಸಿದ್ರೂ ಒಂದೂ ತಪ್ಪು ಅಂತಿರ್ಲಿಲ್ಲ.