ಗುಂಡು ಬ್ಯಾರೆಲ್ ಬಿಟ್ಟ ಕ್ಷಣದಿಂದಲೇ ಬೀಳುತ್ತಿರುತ್ತದೆ

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಸೈನ್ಯದಿಂದ ನಿವೃತ್ತರಾದ ನಾಲ್ಕು ಜನ ಒಂದೆಡೆ ಕಲೆತರೆ, ಮಾತು ಕ್ಯಾಂಟೀನಿನಲ್ಲಿ ಶುರುವಾಗಿ ಪಿಂಚಣಿಯನ್ನು ಹಾದು ಕೊನೆಗೆ ರೈಫಲ್ಲಿಗೆ ಬಂದು ನಿಲ್ಲುತ್ತದೆ. ಎಂಬತ್ತು ದಾಟಿದ ಹಿರಿಯರಿಗೆ ರೈಫಲ್ ಎಂದರೆ ಥ್ರೀ ನಾಟ್ ಥ್ರೀ, ಅಂದರೆ .303 ಅಂಗುಲ ಗುಂಡಿನ ಹಳೆಯ ಬ್ರಿಟಿಷ್ ಮಾದರಿಯ ರೈಫಲ್. 1971ರ ಯುದ್ಧ ಕಂಡವರಿಗೆ ಎಸ್‌ಎಲ್‌ಆರ್, ಪ್ರತಿ ಹೊಡೆತದ ನಂತರ ತಾನಾಗಿಯೇ ಮುಂದಿನ ತೋಟೆ ತುಂಬಿಕೊಳ್ಳುವ ರೈಫಲ್. ಅವರ ನಂತರದ ತಲೆಮಾರಿಗೆ ಭಾರತದಲ್ಲೇ ರೂಪಿಸಿದ ಇನ್‌ಸಾಸ್. ಯಾರ ರೈಫಲ್ ಹೆಚ್ಚು ಎಂಬ ವಾದಕ್ಕೆ ಕೊನೆಯೇ ಇಲ್ಲ. ಈ ವಾದಗಳನ್ನು ಕೇಳುವುದು ನನಗೆ ಬಹಳ ಇಷ್ಟ, ಏಕೆಂದರೆ ಭೌತಶಾಸ್ತ್ರವನ್ನು ಇಷ್ಟು ಕಾಲ ಭುಜಕ್ಕೊತ್ತಿ ಹಿಡಿದು ಅನುಭವಿಸಿದವರು ಬೇರೆ ಯಾರೂ ಸಿಗುವುದಿಲ್ಲ. ಆದರೆ ಒಂದು ಮಾತು ಮಾತ್ರ ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ: "ಥ್ರೀ ನಾಟ್ ಥ್ರೀ ಗುಂಡು ಮೊದಲು ಮೇಲಕ್ಕೆ ಏಳುತ್ತದೆ, ಆಮೇಲೆ ಇಳಿಯುತ್ತದೆ. ಎಸ್‌ಎಲ್‌ಆರ್ ಗುಂಡು ಮುನ್ನೂರು ಮೀಟರಿನವರೆಗೂ ಗೆರೆ ಎಳೆದ ಹಾಗೆ ನೇರ ಹೋಗುತ್ತದೆ."

ಆಲೂರು, ಅರಕಲಗೂಡು, ಸಕಲೇಶಪುರ, ಎಲ್ಲಿ ಕೇಳಿದರೂ ಇದೇ ಮಾತು. ಹೇಳುವವರು ನಿಜವಾಗಿ ಗುರಿಗೆ ಹೊಡೆದವರು. ಹಾಗಾಗಿ ಮನೆಯ ಮಕ್ಕಳು ಮೊಮ್ಮಕ್ಕಳು ಇದನ್ನೇ ವಿಜ್ಞಾನವೆಂದು ನಂಬಿ ಶಾಲೆಗೆ ಹೋಗುತ್ತಾರೆ, ಅಲ್ಲಿ ಗೆಲಿಲಿಯೊ ಪಾಠ ಬಂದಾಗ ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಸಕಲೇಶಪುರದ ಕಡೆಯ ಒಬ್ಬ ನಿವೃತ್ತ ಸುಬೇದಾರರ ಬಳಿ ಇದನ್ನು ಪ್ರಸ್ತಾಪಿಸಿದೆ. ಅವರು ಸಿಟ್ಟಾಗಲಿಲ್ಲ. "ಮೇಷ್ಟ್ರೇ, ಪುಸ್ತಕದಲ್ಲಿ ಏನಾದರೂ ಇರಲಿ. ಬಟ್‌ನಲ್ಲಿ, ಅಂದರೆ ಟಾರ್ಗೆಟ್ಟಿನ ಬುಡದ ಹಳ್ಳದಲ್ಲಿ, ಕುಳಿತು ಟಾರ್ಗೆಟ್ ನೋಡಿದವನು ನಾನು. ರೈಫಲಿನ ಸೈಟನ್ನು, ಅಂದರೆ ಗುರಿ ನೋಡುವ ಕಿಂಡಿಯನ್ನು, ಮುನ್ನೂರು ಮೀಟರಿಗೆ ಇಟ್ಟು ನೂರೈವತ್ತರಲ್ಲಿ ಟಾರ್ಗೆಟ್ಟಿನ ನಡುಚುಕ್ಕಿಯಾದ ಬುಲ್‌ಗೆ ಗುರಿ ಹಿಡಿದರೆ ತೂತು ಒಂದು ಗೇಣು ಮೇಲೆ ಬೀಳುತ್ತದೆ. ಗುಂಡು ಏಳದೆ ಅಲ್ಲಿಗೆ ಹೇಗೆ ಹೋಯಿತು?" ಎಂದರು. ಅವರ ವೀಕ್ಷಣೆ ಅಕ್ಷರಶಃ ಸರಿ. ಕೇಳಿದ ಪ್ರಶ್ನೆಯೂ ಸರಿ. ತಪ್ಪಿರುವುದು ಗುಂಡು ತಾನಾಗಿ ಏಳುತ್ತದೆ ಎಂಬ ವಿವರಣೆಯಲ್ಲಿ ಮಾತ್ರ.

ಬ್ಯಾರೆಲ್ ಬಿಟ್ಟ ಗುಂಡನ್ನು ಮೇಲಕ್ಕೆತ್ತುವ ಬಲ ಯಾವುದೂ ಇಲ್ಲ. ಅದಕ್ಕೆ ರೆಕ್ಕೆಯಿಲ್ಲ, ಹಿಂದಿನಿಂದ ತಳ್ಳುವ ಎಂಜಿನ್ ಇಲ್ಲ. ಬಾಯಿ ದಾಟಿದ ಮರುಗಳಿಗೆಯಿಂದ ಭೂಮಿ ಅದನ್ನು ಕೈಯಿಂದ ಬಿಟ್ಟ ಕಲ್ಲನ್ನು ಎಳೆಯುವಷ್ಟೇ ಬಿರುಸಿನಿಂದ ಎಳೆಯುತ್ತದೆ. ಮಟ್ಟಸವಾದ ಬಯಲಿನಲ್ಲಿ ನಿಂತು ರೈಫಲನ್ನು ಸರಿಯಾಗಿ ಅಡ್ಡಡ್ಡ ಹಿಡಿದು ಹೊಡೆಯುವ ಕ್ಷಣಕ್ಕೇ, ಅದೇ ಎತ್ತರದಿಂದ ಇನ್ನೊಂದು ಗುಂಡನ್ನು ಸುಮ್ಮನೆ ಕೆಳಗೆ ಬಿಟ್ಟರೆ, ಗಾಳಿಯ ಅಡ್ಡಿಯನ್ನು ಬದಿಗಿಟ್ಟು ನೋಡಿದಾಗ ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ. ಭುಜದ ಎತ್ತರದಿಂದ ಇದಕ್ಕೆ ಹಿಡಿಯುವುದು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಒಂದು ಕಾಲ ಬುಡದಲ್ಲಿ ಬಿದ್ದಿರುತ್ತದೆ, ಇನ್ನೊಂದು ನೂರಾರು ಮೀಟರ್ ಆಚೆ. ಬಿದ್ದ ಆಳ ಮಾತ್ರ ಎರಡಕ್ಕೂ ಒಂದೇ.

ಲೆಕ್ಕ ಹಾಕಿಯೇ ನೋಡೋಣ. ಎಸ್‌ಎಲ್‌ಆರ್‌ನ 7.62 ಮಿ.ಮೀ. ಗುಂಡು ಸೆಕೆಂಡಿಗೆ ಸುಮಾರು 840 ಮೀಟರ್ ವೇಗದಲ್ಲಿ ಹೊರಡುತ್ತದೆ. ನೂರು ಮೀಟರ್ ದಾಟಲು ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ಅಷ್ಟರಲ್ಲೇ ಅದು ಬ್ಯಾರೆಲಿನ ಗೆರೆಯಿಂದ ಏಳೆಂಟು ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಮುನ್ನೂರು ಮೀಟರಿಗೆ ಈ ಇಳಿತ ಮುಕ್ಕಾಲು ಮೀಟರ್ ಆಗುತ್ತದೆ. ಥ್ರೀ ನಾಟ್ ಥ್ರೀ ಹೊರಡುವ ವೇಗ ಸೆಕೆಂಡಿಗೆ ಸುಮಾರು 744 ಮೀಟರ್, ಹಾಗಾಗಿ ಅಷ್ಟೇ ದೂರಕ್ಕೆ ಅದರ ಇಳಿತ ಹತ್ತಿರ ಹತ್ತಿರ ಒಂದು ಮೀಟರ್. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ಎಸ್‌ಎಲ್‌ಆರ್ ಗುಂಡು ಬೇಗ ತಲುಪುವುದರಿಂದ ಬೀಳಲು ಅದಕ್ಕೆ ಸಿಗುವ ಸಮಯ ಕಡಿಮೆ. ನೇರ ಹೋಗುವ ಗುಂಡು ಜಗತ್ತಿನ ಯಾವ ರೈಫಲಿನಲ್ಲೂ ಇಲ್ಲ.

ಹಾಗಾದರೆ ಸುಬೇದಾರರ ಆ ಒಂದು ಗೇಣು? ಉತ್ತರ ರೈಫಲಿನ ಮೇಲೆಯೇ ಇದೆ. ನಮ್ಮ ಕಣ್ಣು ಬ್ಯಾರೆಲಿನೊಳಗಿಂದ ನೋಡುವುದಿಲ್ಲ. ಅದರ ಮೇಲಿರುವ, ಕಣ್ಣಿನ ಹತ್ತಿರದ ಬ್ಯಾಕ್‌ಸೈಟ್ ಮತ್ತು ಮೂತಿಯ ಹತ್ತಿರದ ಫೋರ್‌ಸೈಟ್‌ಗಳ ಮೂಲಕ ನೋಡುತ್ತದೆ. ಕಣ್ಣಿನ ಗೆರೆ ಬೇರೆ, ಬ್ಯಾರೆಲಿನ ಗೆರೆ ಬೇರೆ. ಇವೆರಡೂ ಸಮಾನಾಂತರವಲ್ಲ. ರೈಫಲ್ ಮಾಡಿದವರು ಇವನ್ನು ಬೇಕೆಂದೇ ಓರೆಯಾಗಿ ಕೂರಿಸಿರುತ್ತಾರೆ. ಬ್ಯಾಕ್‌ಸೈಟನ್ನು ಮುನ್ನೂರಕ್ಕೆ ಏರಿಸಿದಾಗ ನಾವು ಗುರಿಯನ್ನು ಮಟ್ಟಸವಾಗಿಯೇ ನೋಡುತ್ತಿರುತ್ತೇವೆ, ಆದರೆ ಬ್ಯಾರೆಲ್ ನಮಗೆ ತಿಳಿಯದಂತೆ ಮೂತಿ ಮೇಲೆತ್ತಿರುತ್ತದೆ. ಎಷ್ಟು? ಒಂದು ಡಿಗ್ರಿಯನ್ನು ಆರೇಳು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಬರಿಗಣ್ಣಿಗೆ ಕಾಣುವಂಥದ್ದಲ್ಲ.

ನಮ್ಮ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ತೋಟದಲ್ಲಿ ಸ್ಪ್ರಿಂಕ್ಲರ್ ಓಡಿಸುವುದನ್ನು ನೋಡಿ. ಜೆಟ್ಟಿನ ಮೂತಿ ಮೇಲ್ಮುಖವಾಗಿರುತ್ತದೆ. ನೀರು ಗಿಡಗಳ ನೆತ್ತಿಯ ಮೇಲಿಂದ ಬಾಗಿ ಹೋಗಿ ದೂರದ ಸಾಲಿನ ಮೇಲೆ ಬೀಳುತ್ತದೆ. ನೀರು ತಾನಾಗಿ ಮೇಲಕ್ಕೆದ್ದಿತು ಎಂದು ಯಾವ ತೋಟದವರೂ ಹೇಳುವುದಿಲ್ಲ, ಮೂತಿ ಎತ್ತಿದೆ ಎಂದೇ ಹೇಳುತ್ತಾರೆ. ಮೂತಿ ತಗ್ಗಿಸಿದರೆ ನೀರು ಹತ್ತಿರದ ಗಿಡಕ್ಕೇ ಬಡಿಯುತ್ತದೆ. ಪಂಪಿನ ಒತ್ತಡ ಹೆಚ್ಚಿಸಿದರೆ ಅದೇ ದೂರಕ್ಕೆ ಅಷ್ಟು ಎತ್ತಬೇಕಾಗಿಲ್ಲ. ಥ್ರೀ ನಾಟ್ ಥ್ರೀಗೂ ಎಸ್‌ಎಲ್‌ಆರ್‌ಗೂ ಇರುವುದು ಈ ಒತ್ತಡದ ವ್ಯತ್ಯಾಸ. ರೈಫಲಿನಲ್ಲಿ ಬಾಗು ಬಹಳ ಕಡಿಮೆ, ಗುಂಡು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಮೋಸ ಹೋಗುತ್ತೇವೆ.

ಈಗ ಎರಡು ಗೆರೆಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಎಳೆದುಕೊಳ್ಳಿ. ಗುಂಡು ಕಣ್ಣಿನ ಗೆರೆಗಿಂತ ನಾಲ್ಕೈದು ಸೆಂಟಿಮೀಟರ್ ಕೆಳಗಿನಿಂದ ಹೊರಡುತ್ತದೆ. ಬ್ಯಾರೆಲಿನ ಓರೆಯಿಂದಾಗಿ ಇಪ್ಪತ್ತು ಮೀಟರಿನ ಆಸುಪಾಸಿನಲ್ಲಿ ಕಣ್ಣಿನ ಗೆರೆಯನ್ನು ಕೆಳಗಿನಿಂದ ದಾಟುತ್ತದೆ. ನೂರೈವತ್ತರ ಹತ್ತಿರ ಅದರ ಮೇಲೆ ಒಂದು ಗೇಣಿಗೆ ಸಮೀಪದ ಎತ್ತರದಲ್ಲಿರುತ್ತದೆ. ಮುನ್ನೂರರಲ್ಲಿ ಮತ್ತೆ ಅದೇ ಗೆರೆಯನ್ನು ಮೇಲಿನಿಂದ ದಾಟಿ ಬುಲ್‌ಗೆ ಬಡಿಯುತ್ತದೆ. ಅಂದರೆ ಗುಂಡು ಕಣ್ಣಿನ ಗೆರೆಯನ್ನು ಎರಡು ಸಲ ದಾಟುತ್ತದೆ, ಬ್ಯಾರೆಲಿನ ಗೆರೆಯನ್ನು ಒಮ್ಮೆಯೂ ದಾಟುವುದಿಲ್ಲ, ಮೊದಲಿನಿಂದ ಕೊನೆಯವರೆಗೂ ಅದರ ಕೆಳಗೇ ಇರುತ್ತದೆ. ಇಪ್ಪತ್ತೈದು ಮೀಟರಿನ ಚಿಕ್ಕ ರೇಂಜಿನಲ್ಲಿ ಜೀರೋಯಿಂಗ್ ಮಾಡಿದ, ಅಂದರೆ ಗುಂಡು ಬೀಳುವ ಜಾಗಕ್ಕೆ ಸೈಟನ್ನು ಹೊಂದಿಸಿದ, ಅನೇಕ ರೈಫಲ್‌ಗಳು ಮುನ್ನೂರರ ಸುತ್ತಮುತ್ತಲೂ ಸರಿಯಾಗಿ ಬರುವುದರ ಗುಟ್ಟು ಈ ಎರಡು ದಾಟುಗಳಲ್ಲಿದೆ. ತರಬೇತಿ ಕೊಟ್ಟ ಉಸ್ತಾದರು ಕಾರಣ ಹೇಳದೆ ಕಲಿಸಿದ ಈ ನಿಯಮದಲ್ಲಿ ಎಷ್ಟು ಸೊಗಸಾದ ಜ್ಯಾಮಿತಿ ಅಡಗಿದೆ!

ಈ ತಪ್ಪು ಕಲ್ಪನೆ ನಮ್ಮ ಸುಬೇದಾರರಿಂದ ಹುಟ್ಟಿದ್ದಲ್ಲ. ಯುರೋಪಿನ ಪಂಡಿತರೂ ಶತಮಾನಗಳ ಕಾಲ ಫಿರಂಗಿ ಗುಂಡು ಒಳಗಿನ ಹುರುಪು ಮುಗಿಯುವವರೆಗೆ ನೇರ ಹೋಗಿ ಆಮೇಲೆ ದೊಪ್ಪನೆ ಬೀಳುತ್ತದೆ ಎಂದೇ ನಂಬಿದ್ದರು. 1537ರಲ್ಲಿ ಇಟಲಿಯ ಟಾರ್ಟಾಲಿಯ ಎಂಬ ಗಣಿತಜ್ಞ, 45 ಡಿಗ್ರಿ ಎತ್ತಿದಾಗ ಗುಂಡು ಅತಿ ದೂರ ಹೋಗುತ್ತದೆ ಎಂದು ಹೇಳಿದ. ಗುಂಡಿನ ದಾರಿಯ ಯಾವ ಭಾಗವೂ ಪೂರ್ತಿ ನೇರವಲ್ಲ ಎಂದೂ ವಾದಿಸಿದ. ಆ ದಾರಿ ಪ್ಯಾರಾಬೋಲ ಎಂಬ ನಿರ್ದಿಷ್ಟ ವಕ್ರರೇಖೆ ಎಂದು ಗೆಲಿಲಿಯೊ ಪ್ರಕಟಿಸಿದ್ದು 1638ರಲ್ಲಿ. ಸಕಲೇಶಪುರದ ದಾರಿಯಲ್ಲಿ ಸಿಗುವ ಮಂಜರಾಬಾದ್ ಕೋಟೆಯನ್ನು ಹತ್ತಿದವರಿಗೆ ಫಿರಂಗಿಯ ಜ್ಯಾಮಿತಿ ಕಲ್ಲಿನಲ್ಲೇ ಕಾಣುತ್ತದೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಆ ಕೋಟೆ ನಕ್ಷತ್ರದ ಆಕಾರದಲ್ಲಿರುವುದು ಅಂದಕ್ಕಲ್ಲ. ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಗೋಡೆಯ ಬುಡ ಪೂರ್ತಿ ಕಾಣಬೇಕು, ಶತ್ರು ಅವಿತುಕೊಳ್ಳಲು ಒಂದಡಿ ಮರೆಯೂ ಸಿಗಬಾರದು. ಅಷ್ಟು ಹತ್ತಿರಕ್ಕೆ ಗುಂಡಿನ ಬಾಗು ಲೆಕ್ಕಕ್ಕೇ ಬರುವುದಿಲ್ಲ, ನೇರ ಗೆರೆಗಳಿಂದಲೇ ಕೋಟೆ ಕಟ್ಟಬಹುದು.

ಗೆಲಿಲಿಯೊನ ಲೆಕ್ಕದಲ್ಲಿ ಗಾಳಿ ಇರಲಿಲ್ಲ. ಗಾಳಿಯನ್ನು ತಂದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಆತ ತೂಗುಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ತೂಗಿತು ಎಂಬುದರಿಂದ ಗುಂಡಿನ ವೇಗವನ್ನು ಅಳೆದ. ಆ ಕಾಲದ ಬಂದೂಕಿನ ಗುಂಡಿಗೆ ಸೆಕೆಂಡಿಗೆ ಸುಮಾರು 500 ಮೀಟರ್ ವೇಗವಿತ್ತು, ಅದರ ಮೇಲೆ ಗಾಳಿಯ ಅಡ್ಡಿ ಗುಂಡಿನ ತೂಕದ ನೂರು ಪಟ್ಟಿಗೂ ಹೆಚ್ಚಿತ್ತು. ಯಾರೂ ಊಹಿಸಿರದ ಸಂಗತಿ ಇದು. ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಗುಂಡಿನ ವಿಜ್ಞಾನಕ್ಕೆ ಅಡಿಪಾಯ ಹಾಕಿದವನು ನಮ್ಮ ಪಕ್ಕದ ರಾಜ್ಯದ ಮಣ್ಣಿನಲ್ಲಿ ಕೊನೆಯುಸಿರೆಳೆದ ಎಂಬುದು ನಮ್ಮ ಪಠ್ಯಗಳಲ್ಲಿ ಬರುವುದೇ ಇಲ್ಲ.

ಬ್ಯಾರೆಲಿನೊಳಗಿನ ಸುರುಳಿ ಗೆರೆಗಳಿರುವುದು ಗುಂಡು ತಿರುಗುತ್ತಾ ಹೋಗಲಿ, ಗಾಳಿಯಲ್ಲಿ ಪಲ್ಟಿ ಹೊಡೆಯದಿರಲಿ ಎಂದು. ಥ್ರೀ ನಾಟ್ ಥ್ರೀಯ ಸುರುಳಿ ಹತ್ತು ಅಂಗುಲಕ್ಕೆ ಒಂದು ಸುತ್ತು. ಹೊರಡುವ ವೇಗವನ್ನು ಇದರಿಂದ ಭಾಗಿಸಿದರೆ ಸೆಕೆಂಡಿಗೆ ಮೂರು ಸಾವಿರದ ಹತ್ತಿರ ಸುತ್ತುಗಳು! ಈ ತಿರುಗು ಗುಂಡಿನ ಮೂಗನ್ನು ಮುಂದಕ್ಕೆ ಹಿಡಿದಿಡುತ್ತದೆಯೇ ಹೊರತು ಅದನ್ನು ಬೀಳದಂತೆ ತಡೆಯುವುದಿಲ್ಲ.

ಇನ್ನು ಕಣ್ಣಿನ ವಿಷಯ. ಎಸ್‌ಎಲ್‌ಆರ್‌ನ ಎರಡು ಸೈಟ್‌ಗಳ ನಡುವಿನ ಅಂತರ ಅರ್ಧ ಮೀಟರಿಗಿಂತ ತುಸು ಹೆಚ್ಚು. ಫೋರ್‌ಸೈಟ್ ಟಿಪ್ ಒಂದೇ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಮುನ್ನೂರು ಮೀಟರಿನಲ್ಲಿ ಗುಂಡು ಅರ್ಧ ಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಕಣ್ಣಿನ ಮಸೂರ ಹತ್ತಿರದ ಬ್ಯಾಕ್‌ಸೈಟ್, ನಡುವಿನ ಫೋರ್‌ಸೈಟ್, ದೂರದ ಟಾರ್ಗೆಟ್ ಮೂರನ್ನೂ ಒಮ್ಮೆಗೇ ಸ್ಪಷ್ಟವಾಗಿ ಹಿಡಿಯಲಾರದು. ಆದ್ದರಿಂದಲೇ ಉಸ್ತಾದರು ಟಿಪ್ ಸ್ಪಷ್ಟವಾಗಿರಲಿ, ಟಾರ್ಗೆಟ್ ಮಸುಕಾದರೂ ಪರವಾಗಿಲ್ಲ ಎಂದು ಕೂಗುತ್ತಿದ್ದರು. ಹಳೆಯ ಥ್ರೀ ನಾಟ್ ಥ್ರೀಯಲ್ಲಿ ಬ್ಯಾಕ್‌ಸೈಟ್ ತೆರೆದ ಕಚ್ಚಿನಂತಿತ್ತು, ಎಸ್‌ಎಲ್‌ಆರ್‌ನಲ್ಲಿ ಅದು ಒಂದು ಸಣ್ಣ ತೂತಾಯಿತು. ಸಣ್ಣ ತೂತಿನ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಹೆಚ್ಚು ಸ್ಪಷ್ಟವಾಗುತ್ತವೆ, ಕಣ್ಣು ಬ್ಯಾಕ್‌ಸೈಟಿನ ಚಿಂತೆಯನ್ನೇ ಬಿಡಬಹುದು. ಎಸ್‌ಎಲ್‌ಆರ್ ಸುಲಭವಾಗಿತ್ತು ಎಂಬ ನೆನಪಿನಲ್ಲಿ ಈ ತೂತಿಗೂ ಪಾಲಿದೆ.

ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ಬೇರೆ. ತೋಟದ ಕೋವಿಯ ಗುರಿ ತಪ್ಪಿದರೆ ಕಣ್ಣು ಬಿದ್ದಿದೆ, ಯಾರೋ ಏನೋ ಮಾಡಿಸಿದ್ದಾರೆ ಎಂದು ನಿಂಬೆಹಣ್ಣು ಕಟ್ಟುವವರು ಇನ್ನೂ ಇದ್ದಾರೆ. ಆಯುಧಪೂಜೆಗೆ ಹೂವಿಡಲಿ, ಅದು ಕೃತಜ್ಞತೆ. ಆದರೆ ಗುರಿ ತಪ್ಪುವುದಕ್ಕೆ ಕಾರಣ ಲೋಹದಲ್ಲಿದೆ. ಎಣ್ಣೆ ಉಳಿದ ಬ್ಯಾರೆಲಿನಿಂದ ಹೊರಡುವ ಮೊದಲ ಗುಂಡು ಉಳಿದವುಗಳ ಜೊತೆ ಸೇರುವುದಿಲ್ಲ. ಅದಕ್ಕಾಗಿಯೇ ಸೈನ್ಯದಲ್ಲಿ ಫೈರಿಂಗ್‌ಗೆ ಮೊದಲು ಬ್ಯಾರೆಲ್ ಒರೆಸುವ ಹಗ್ಗವಾದ ಪುಲ್‌ಥ್ರೂಗೆ ಒಣ ಚಿಂದಿ ಕಟ್ಟಿ ಎಳೆಯುತ್ತಿದ್ದರು. ಹಳೆಯ ಥ್ರೀ ನಾಟ್ ಥ್ರೀ ತೋಟೆಯಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಾಗಿ ಬ್ಯಾರೆಲಿಗೆ ಅಂಟುತ್ತದೆ. ಮಳೆಗಾಲದ ತೇವವನ್ನು ಎಳೆದುಕೊಂಡು ಒಳಗಿನಿಂದ ಕಬ್ಬಿಣವನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಎಷ್ಟೇ ಎಣ್ಣೆ ಹಾಕಿ ಉಜ್ಜಿದರೂ ತುಕ್ಕು ಬರುತ್ತಿದ್ದುದು ಇದರಿಂದ, ಬ್ಯಾರೆಲಿಗೆ ಕುದಿಯುವ ನೀರು ಹುಯ್ಯುತ್ತಿದ್ದುದೂ ಇದಕ್ಕೇ. ಬಿಸಿಯಾದ ಲೋಹ ತಾನೇ ಬೇಗ ಒಣಗುತ್ತಿತ್ತು ಎಂಬುದು ಇನ್ನೊಂದು ಅನುಕೂಲ.

ಸಿಯಾಚಿನ್ ಕಂಡುಬಂದವರು ಅಲ್ಲಿ ಗುಂಡು ಬೇರೆ ಥರ ಹೋಗುತ್ತದೆ ಎನ್ನುತ್ತಾರೆ. ಅದು ನಿಜ. ಐದು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡಾ 60ರಷ್ಟೇ. ಅಡ್ಡಿ ಕಡಿಮೆಯಾದ್ದರಿಂದ ಗುಂಡು ವೇಗ ಕಳೆದುಕೊಳ್ಳುವುದು ನಿಧಾನ, ದೂರದ ಗುರಿಗೆ ಅದು ಮೇಲಕ್ಕೆ ಬಡಿಯುತ್ತದೆ. ಚಳಿಗೆ ಮದ್ದು ಮಂದವಾಗಿ ಉರಿದು ಈ ಲಾಭದಲ್ಲಿ ಸ್ವಲ್ಪವನ್ನು ಕಿತ್ತುಕೊಳ್ಳುತ್ತದೆ. ಭೂಮಿಯ ಎಳೆತ ಮಾತ್ರ ಅಲ್ಲಿಯೂ ಹೆಚ್ಚುಕಡಿಮೆ ಇಲ್ಲಿಯಷ್ಟೇ.

ಗುಂಡು ಬೀಳುತ್ತದೆ ಎಂಬುದನ್ನು ಮರೆತವರೇ ಸಂಭ್ರಮಕ್ಕೆ ಆಕಾಶಕ್ಕೆ ಹೊಡೆಯುವುದು. ಆನೆ ಓಡಿಸಲು ತೋಟದ ಕೋವಿಯಿಂದ ಹಾರಿಸುವ ಚರೆ ಹಗುರ, ಅದು ಕೆಲವು ನೂರು ಮೀಟರಿನೊಳಗೆ ವೇಗ ಕಳೆದುಕೊಂಡು ಉದುರುತ್ತದೆ. ರೈಫಲ್ ಗುಂಡು ಹಾಗಲ್ಲ. ಮೊದಲ ಮಹಾಯುದ್ಧ ಮುಗಿದ ಹೊಸದರಲ್ಲಿ ಅಮೆರಿಕದ ಸೈನ್ಯ ಫ್ಲಾರಿಡಾದಲ್ಲಿ ನೇರ ಮೇಲಕ್ಕೆ ಗುಂಡು ಹಾರಿಸಿ ಪರೀಕ್ಷಿಸಿದಾಗ, ಮರಳಿ ಬರುವ ಗುಂಡಿನ ವೇಗ ಸೆಕೆಂಡಿಗೆ ಸುಮಾರು 90 ಮೀಟರ್ ಎಂದು ಕಂಡುಬಂತು. ತಲೆಬುರುಡೆ ಒಡೆಯಲು ಅಷ್ಟು ಸಾಕು. ಓರೆಯಾಗಿ ಹಾರಿದ್ದಂತೂ ತಿರುಗುತ್ತಾ ಮೂಗು ಮುಂದಿಟ್ಟುಕೊಂಡೇ ಹೋಗುತ್ತದೆ, 7.62ರ ಗುಂಡು ಮೂರು ಕಿಲೋಮೀಟರಿನಾಚೆಗೂ ಬಿದ್ದೀತು. ಫೈರಿಂಗ್ ರೇಂಜಿನಲ್ಲಿ ಟಾರ್ಗೆಟ್ಟಿನ ಹಿಂದೆ ಮಣ್ಣಿನ ದಿಬ್ಬವಿದ್ದರೂ, ಅದರ ಆಚೆಗೆ ಕಿಲೋಮೀಟರುಗಟ್ಟಲೆ ಜಾಗವನ್ನು ಖಾಲಿ ಬಿಟ್ಟು, ಫೈರಿಂಗ್ ದಿನ ಕೆಂಪು ಬಾವುಟ ಏರಿಸಿ ದನಕಾಯುವವರನ್ನು ದೂರ ಕಳುಹಿಸುವುದು ದಿಬ್ಬದ ಮೇಲಿನಿಂದ ಜಾರಿಹೋಗುವ ಒಂದು ಗುಂಡಿನ ಲೆಕ್ಕಕ್ಕಾಗಿ.