ಬೆಟ್ಟ ಸರಿ, ಜೊತೆಗೆ ಯಾರು?

ಮಗ ಕುಡಿತದ ಕಡೆಗೋ ಗಾಂಜಾ ಕಡೆಗೋ ವಾಲುತ್ತಿದ್ದಾನೆ ಅನ್ನಿಸಿದರೆ ಅವನನ್ನು ಕೆಲವು ವಾರ ಕಾಡುಬೆಟ್ಟಗಳಿಗೆ ಕಳಿಸುವ ಪದ್ಧತಿ ಅಮೆರಿಕದಲ್ಲಿದೆ. ಬಂಡೆ ಹತ್ತಬೇಕು, ಹೊರೆ ಹೊರಬೇಕು, ಟೆಂಟಿನಲ್ಲಿ ಮಲಗಬೇಕು. ಇದಕ್ಕೊಂದು ತರ್ಕವಿದೆ. ಹದಿಹರೆಯದಲ್ಲಿ ಮಿದುಳಿನ ಡೋಪಮೈನ್ ಜಾಲ, ಅಂದರೆ ಖುಷಿಯ ಬೆನ್ನು ಹತ್ತುವಂತೆ ಮಾಡುವ ವ್ಯವಸ್ಥೆ, ಬಲು ಚುರುಕು. ಅದಕ್ಕೆ ಕಡಿವಾಣ ಹಾಕಬೇಕಾದ ಮುಂಭಾಗ ಮಾತ್ರ ಇಪ್ಪತ್ತು ದಾಟಿದರೂ ಬಲಿಯುತ್ತಲೇ ಇರುತ್ತದೆ. ರೋಮಾಂಚನ ಬೇಕೆನ್ನುವ ವಯಸ್ಸು, ನಶೆಯ ಬದಲು ಬಂಡೆಯಿಂದ ಸಿಗಲಿ ಎಂಬ ಲೆಕ್ಕಾಚಾರ.

ಈ ಲೆಕ್ಕದಲ್ಲಿ ಗೆಳೆಯರನ್ನು ಸೇರಿಸಲು ಮರೆಯುತ್ತೇವೆ. 2005ರಲ್ಲಿ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಬೇರೆ ಬೇರೆ ವಯಸ್ಸಿನವರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟರು. ಗೆಳೆಯರು ಪಕ್ಕದಲ್ಲಿ ಕೂತಾಗ 13ರಿಂದ 16ರ ಮಕ್ಕಳು ಒಬ್ಬರೇ ಆಡಿದ್ದಕ್ಕಿಂತ ಎಷ್ಟೋ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನೂ ಹಳೆಯ ಪಾಠ ಮ್ಯಾಸಚೂಸೆಟ್ಸ್‌ನದು. ಹುಡುಗರು ಹಾದಿ ತಪ್ಪದಿರಲೆಂದು ಅಲ್ಲಿ 1939ರಲ್ಲಿ ಶುರುವಾದ ಯೋಜನೆಯೊಂದು 506 ಹುಡುಗರನ್ನು ಜೋಡಿ ಜೋಡಿಯಾಗಿ ಹೊಂದಿಸಿ, ನಾಣ್ಯ ಚಿಮ್ಮಿ, ಜೋಡಿಯಲ್ಲಿ ಒಬ್ಬನಿಗೆ ಮಾತ್ರ ನೆರವು ಕೊಟ್ಟಿತು: ಸಲಹೆಗಾರರ ಭೇಟಿ, ಪಾಠ, ವೈದ್ಯರು, ಕೆಲವರಿಗೆ ಬೇಸಿಗೆ ಶಿಬಿರ. ಮೂವತ್ತು ವರ್ಷಗಳ ಮೇಲೆ ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ ಅವರನ್ನೆಲ್ಲ ಹುಡುಕಿ ಹೊರಟರು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ ‘ನಮಗೆ ಉಪಕಾರವಾಯಿತು’ ಅಂದರು. ದಾಖಲೆಗಳು ಬೇರೆಯೇ ಹೇಳಿದವು: ಕುಡಿತದ ಲಕ್ಷಣ, ಮತ್ತೆ ಮತ್ತೆ ಅಪರಾಧ, ಎರಡೂ ನೆರವು ಪಡೆದವರಲ್ಲೇ ಜಾಸ್ತಿ. ಹೆಚ್ಚು ಕೆಟ್ಟವರು ಒಂದಕ್ಕಿಂತ ಹೆಚ್ಚು ಸಲ ಶಿಬಿರಕ್ಕೆ ಹೋಗಿಬಂದವರು. ಶಿಬಿರ ಮುಗಿಸಿ ಬಂದ ಮಕ್ಕಳ ನಗುಮುಖ ನೋಡಿ ಯೋಜನೆಯ ಫಲ ಅಳೆಯುವವರು ಈ ಮೂವತ್ತು ವರ್ಷಗಳನ್ನು ನೆನಪಿಡಬೇಕು.

ಹೀಗೇಕಾಯಿತು? ಸುಳಿವು ಕೊಟ್ಟವರು ಅಮೆರಿಕದ ಆರೆಗಾನ್‌ನ ಮನಶ್ಶಾಸ್ತ್ರಜ್ಞ ಥಾಮಸ್ ಡಿಶಿಯನ್. ಅವರ ತಂಡ ಹುಡುಗರು ಗೆಳೆಯರೊಂದಿಗೆ ಹರಟುವುದನ್ನು ವಿಡಿಯೊ ಮಾಡಿತು. ನಿಯಮ ಮುರಿದ ಕಥೆಗಳಿಗೇ ಎಲ್ಲಿ ನಗು ಹೆಚ್ಚು ಸಿಗುತ್ತಿತ್ತೋ, ಆ ಹುಡುಗರಲ್ಲಿ ಮುಂದೆ ನಶೆಯ ಚಟವೂ ಹೆಚ್ಚಿತು. ನಗುವೇ ಬಹುಮಾನ! ಹಾದಿ ತಪ್ಪುತ್ತಿರುವವರನ್ನೇ ಆರಿಸಿ ಒಂದೇ ಟೆಂಟಿಗೆ ಹಾಕಿದರೆ ರಾತ್ರಿಯಿಡೀ ಆ ಬಹುಮಾನ ವಿತರಣೆ ನಡೆಯುತ್ತದೆ.

ಐಸ್‌ಲ್ಯಾಂಡ್ ‘ಕೆಟ್ಟವರನ್ನು’ ಆರಿಸುವ ಗೋಜಿಗೇ ಹೋಗಲಿಲ್ಲ. ಶಾಲೆಯ ನಂತರದ ಆಟ, ಸಂಗೀತದ ಕ್ಲಬ್‌ಗಳನ್ನು ಎಲ್ಲ ಮಕ್ಕಳಿಗೂ ತೆರೆದಿಟ್ಟು ಸರ್ಕಾರಿ ಹಣ ಹಾಕಿತು. ರಾತ್ರಿ ಹೊರಗೆ ಅಲೆಯುವುದಕ್ಕೆ ಮಿತಿ ಹಾಕಿತು, ಅಪ್ಪ ಅಮ್ಮಂದಿರನ್ನೂ ಜೊತೆಗೆ ಸೇರಿಸಿಕೊಂಡಿತು. 15–16ರ ಮಕ್ಕಳಲ್ಲಿ ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡವರು 1998ರಲ್ಲಿ ಶೇ. 42 ಇದ್ದರು, 2016ಕ್ಕೆ ಶೇ. 5. ಅದೇ ಕಾಲದಲ್ಲಿ ಯುರೋಪಿನ ಬೇರೆ ಹಲವು ದೇಶಗಳಲ್ಲೂ ಹದಿಹರೆಯದವರ ಕುಡಿತ ತಗ್ಗಿದೆ, ಹಾಗಾಗಿ ಇಳಿಕೆಯ ಶ್ರೇಯಸ್ಸನ್ನೆಲ್ಲ ಕ್ಲಬ್‌ಗಳಿಗೇ ಕೊಡಲಾಗದು. ಆದರೆ ಐಸ್‌ಲ್ಯಾಂಡಿನಲ್ಲಿ ಪೋಕರಿ ಅನ್ನಿಸಿಕೊಂಡವನೂ ಪಕ್ಕದ ಮನೆಯ ಸಾಧು ಹುಡುಗನೂ ಒಂದೇ ಫುಟ್‌ಬಾಲ್ ತಂಡದಲ್ಲಿ ಆಡುತ್ತಾರೆ, ಅದೂ ಒಂದು ಬೇಸಿಗೆಗಲ್ಲ, ವರ್ಷಗಟ್ಟಲೆ.